ಡೀಸೆಲ್ ಕುಡಿದ ರಿಂಗುಗಳು

"ಹಿಂದ ಸರೀರಿ, ಎಲ್ಲಾರೂ ಹಿಂದ ಸರೀರಿ," ಎಂದ ಮುಜಫರ ಮಾಮೂ, ಪೇಂಟ್‌ಬಾಲ್ ಗನ್ನನ್ನು ಹೆಗಲಿಗೆ ಆನಿಸಿಕೊಂಡು.

ಎಲ್ಲರೂ ಅಂದರೆ ಅಲ್ಲಿದ್ದವರು ಇಬ್ಬರೇ. ಒಬ್ಬಳು ಐದನೇ ಕ್ಲಾಸಿನ ಅಂಬರೀನ, ಮಾಮೂನ ಅಕ್ಕನ ಮಗಳು. ಇನ್ನೊಬ್ಬ ಅಂಬಣ್ಣ ಕಾಕಾ, ಮಾಮೂನ ಚಡ್ಡಿ ದೋಸ್ತ, ಆ ಹೊಲದ ಮಾಲೀಕ. ಇಬ್ಬರೂ ಮಾತಿಗೆ ಮರ್ಯಾದೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಮಾಮೂ ಮೂವತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ್ದ ಹಳೆಯ ಡ್ರಮ್ಮಿಗೆ ಗುರಿಯಿಟ್ಟು ಟ್ರಿಗರ್ ಒತ್ತಿದ.

ಪುಸ್ ಅಂತ ಸಣ್ಣ ಸದ್ದು ಬಂತು. ಕಿತ್ತಳೆ ಬಣ್ಣದ ಗುಂಡು ನಳಿಕೆಯ ಬಾಯಿಂದ ಮೆಲ್ಲಗೆ ಇಣುಕಿತು. ಆಮೇಲೆ ಮಾಮೂನ ಚಪ್ಪಲಿಯ ಮುಂದೆ ಉದುರಿ, ಉರುಳಿ, ಒಂದು ಕಲ್ಲಿಗೆ ತಾಗಿ ನಿಂತಿತು. ಒಡೆಯಲೂ ಇಲ್ಲ.

ಬೇರೆ ದಿನವಾಗಿದ್ದರೆ ಅಂಬರೀನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಅವಳಿಗೆ ನಗು ಬರಲಿಲ್ಲ.

ಮಾಮೂ ಎರಡನೆಯ ಗನ್ನು ತೆಗೆದ. ಪುಸ್. ಮೂರನೆಯದಂತೂ ಟ್ರಿಗರ್ ಒತ್ತುವ ಮೊದಲೇ ಬುಸುಗುಡುತ್ತಿತ್ತು. ನಾಲ್ಕನೆಯದು, ಐದನೆಯದು, ಎಲ್ಲವುಗಳದ್ದೂ ಅದೇ ಹಾಡು. ಕೊನೆಗೆ ಶೆಡ್ಡಿನೊಳಗೆ ಎತ್ತರದ ಮೊಳೆಗೆ ತೂಗುಹಾಕಿದ್ದ ಆರನೆಯ ಗನ್ನನ್ನು ಇಳಿಸಿ ತಂದ. ಅದು ಅವನ ಖಾಸಾ ಗನ್ನು. ಅದರ ಟ್ರಿಗರ್ ಒತ್ತಿದ್ದೇ ತಡ, ಠಪ್ ಅಂತ ಡ್ರಮ್ಮಿನ ಹೊಟ್ಟೆಯ ಮೇಲೆ ಅಂಗೈಯಷ್ಟು ಕಿತ್ತಳೆ ಬಣ್ಣ ಬಿತ್ತು.

"ಆರರಾಗ ಒಂದು," ಎಂದ ಮಾಮೂ. "ನಾಳಿ ಹುಣಸಗಿ ಮಂದಿಗೆ ಏನು, ಒಂದ ಗನ್ ಕೊಟ್ಟು ಪಾಳಿ ಹಚ್ಚಲೇನು?"

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕ ಅಂಬಣ್ಣನಿಗೆ ಒಂದು ಕಲ್ಲು ಹೊಲವಿತ್ತು. ಆನೆ ಗಾತ್ರದ ಬಂಡೆಗಳು ತುಂಬಿದ್ದ ಆ ಹೊಲದಲ್ಲಿ ಸಜ್ಜೆ ಕೂಡ ಬೆಳೆಯುತ್ತಿರಲಿಲ್ಲ. ಬೆಳೆ ಬೆಳೆಯದ ಜಾಗ ಅಡಗಿಕೊಳ್ಳಲು ಬಹಳ ಚೆಂದ ಅಂತ ಮೊದಲು ಹೊಳೆದದ್ದು ಮಾಮೂನಿಗೆ. ಅಡಗಿ ಕೂತು ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆಯುವ ಆಟಕ್ಕೆಂದು ಹೈದರಾಬಾದಿಗೆ ಹೋಗಿ ಆರು ಹಳೆಯ ಪೇಂಟ್‌ಬಾಲ್ ಗನ್ನು ತಂದ. ಅಂಬಣ್ಣ ತಗಡಿನ ಶೆಡ್ಡು ಹಾಕಿಸಿದ. ಆಟ ಶುರುವಾಗಿ ಮೂರು ವಾರ ಆಗಿತ್ತು, ಆದರೆ ಬರುವವರು ನೋಡುವವರೇ ಹೊರತು ಆಡುವವರಲ್ಲ. ಈಗ ಮೊದಲ ಬಾರಿಗೆ ಹುಣಸಗಿಯ ಕ್ರಿಕೆಟ್ ಟೀಮಿನ ಹನ್ನೆರಡು ಮಂದಿ ಕ್ರೂಸರ್ ಗಾಡಿ ಮಾಡಿಕೊಂಡು ಬರುತ್ತೇವೆ ಅಂದಿದ್ದರು. ಅವರು ಖುಷಿಯಾಗಿ ಹೋದರೆ ಹುಣಸಗಿಯಿಂದ ಯಾದಗಿರಿಯವರೆಗೆ ಸುದ್ದಿ ಹಬ್ಬುತ್ತದೆ. ಬೇಜಾರಾಗಿ ಹೋದರೆ ಅದಕ್ಕಿಂತ ಬೇಗ ಹಬ್ಬುತ್ತದೆ.

ಗನ್ನು ಹೇಗೆ ಹೊಡೆಯುತ್ತದೆ ಅಂತ ಅಂಬರೀನಳಿಗೆ ಚೆನ್ನಾಗಿ ಗೊತ್ತಿತ್ತು. ಮಾಮೂ ಮೊದಲ ವಾರವೇ ಹೇಳಿಕೊಟ್ಟಿದ್ದ, ಅವಳು ಸೈನ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆದುಕೊಂಡಿದ್ದಳು. ಗನ್ನಿನ ಹಿಂದೆ ಒಂದು ಸಣ್ಣ ಸಿಲಿಂಡರ್. ಅದರೊಳಗೆ ಒತ್ತಿ ಒತ್ತಿ ತುಂಬಿದ ಗಾಳಿ. ರಜೆಯ ಗಂಟೆ ಕಾಯುವ ಮಕ್ಕಳ ಹಾಗೆ ಆ ಗಾಳಿ ಬಾಗಿಲು ಯಾವಾಗ ತೆಗೆಯುತ್ತದೆ ಅಂತ ಕಾಯುತ್ತಿರುತ್ತದೆ. ಟ್ರಿಗರ್ ಒತ್ತಿದರೆ ಒಳಗಿನ ಸ್ಪ್ರಿಂಗು ಬಿಟ್ಟುಕೊಂಡು, ಸಣ್ಣದೊಂದು ಸುತ್ತಿಗೆ ಮುಂದಕ್ಕೆ ಹಾರಿ ವಾಲ್ವಿಗೆ ಬಡಿಯುತ್ತದೆ. ವಾಲ್ವು ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ನುಗ್ಗಿದ ಗಾಳಿಯೇ ಗುಂಡನ್ನು ನೂಕಿಕೊಂಡು ಹೋಗುತ್ತದೆ. ಆದರೆ ಸಿಲಿಂಡರಿನ ಕುತ್ತಿಗೆಯಲ್ಲಿ ಒಂದು ಕಪ್ಪು ರಬ್ಬರ್ ರಿಂಗು ಇರುತ್ತದೆ. ಅದು ಸಡಿಲವಾದರೆ ಗಾಳಿ ಬಾಗಿಲಿಗೆ ಬರುವ ಮೊದಲೇ ಸಂದಿಯಲ್ಲಿ ಸೋರಿ ಹೋಗುತ್ತದೆ. ಸುತ್ತಿಗೆ ಎಷ್ಟು ಬಡಿದರೂ ನೂಕಲು ಗಾಳಿಯೇ ಇರುವುದಿಲ್ಲ.

ಮಾಮೂ ಒಂದು ಗನ್ನಿನ ಗಾಳಿ ಬಿಟ್ಟು, ಸಿಲಿಂಡರ್ ತಿರುಗಿಸಿ ಬಿಚ್ಚಿದ. ರಿಂಗು ಊದಿಕೊಂಡು ಮೆತ್ತಗಾಗಿತ್ತು. ಉಗುರು ಒತ್ತಿದರೆ ಹರಿಯಿತು. ಅವನು ತಲೆ ಎತ್ತಿ ಅಂಬಣ್ಣನ ಕಡೆ ನೋಡಿದ.

"ನಿನ್ನಿ ತಗಡಿನ ಮ್ಯಾಲಿನ ಗೋಣಿಚೀಲಕ್ಕ ನೀರ ಹೊಡದಿದ್ದೇನು?"

ಬೇಸಗೆಯಲ್ಲಿ ಶೆಡ್ಡು ಕಾಯಬಾರದು ಅಂತ ತಗಡಿನ ಮೇಲೆ ಗೋಣಿಚೀಲ ಹಾಸಿದ್ದರು. ದಿನಾ ಅದನ್ನು ತೋಯಿಸುವ ಕೆಲಸ ಅಂಬಣ್ಣನದು.

"ನಾಕ ಕೊಡ ಹೊಡದೀನಿ," ಎಂದ ಅಂಬಣ್ಣ.

"ಹೊಡದಿದ್ರ ರಬ್ಬರ್ ಹೀಂಗ್ಯಾಕ ಕರಗತಿತ್ತು? ಶುಕ್ರವಾರ ಆಟ ಬಂದ್ ಇರ್ತದ, ಯಾರ ನೋಡ್ತಾರ ಅಂತ ಬಿಟ್ಟಿ ನೀನು."

ಅಂಬಣ್ಣನ ಮುಖ ಕೆಂಪಾಯಿತು. ಅವನು ಸಾವಕಾಶ ಕೇಳಿದ: ಆರನೆಯ ಗನ್ನೂ ಅದೇ ಶೆಡ್ಡಿನಲ್ಲೇ ಇತ್ತಲ್ಲ, ಬಿಸಿಲು ಅದನ್ನೊಂದನ್ನ ನೋಡಿ ಯಾಕೆ ಬಿಟ್ಟಿತು?

ಉತ್ತರ ಗೊತ್ತಿದ್ದವಳು ಅಲ್ಲೇ ನಿಂತು ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದಳು. ಈಗ ಹೇಳಿಬಿಡಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಮಾಮೂ, ಮಾಡಿದ್ದನ್ನ ಒಪ್ಪಿಕೊಳ್ಳುವ ಗುಣವೇ ನಿನಗಿಲ್ಲ ಅಂತ ಅಂಬಣ್ಣನ ಮೇಲೆ ಒದರಿದ. ಆ ದನಿ ಕೇಳಿ ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅಂಬಣ್ಣ ಜೇಬಿನಿಂದ ಶೆಡ್ಡಿನ ಚಾವಿ ತೆಗೆದು ಬಂಡೆಯ ಮೇಲಿಟ್ಟ. "ತೊಗೊ. ನಾಳಿ ನೀನ ಬಾ, ನೀನ ಆಡಿಸು," ಅಂದವನೇ ಬೈಕ್ ಹತ್ತಿ ಹೊರಟುಹೋದ. ಮೂವತ್ತು ವರ್ಷದ ದೋಸ್ತಿಯಲ್ಲಿ ಅವನು ಹಾಗೆ ಹಿಂದೆ ನೋಡದೆ ಹೋಗಿದ್ದು ಅದೇ ಮೊದಲು.

ಮಾಮೂ ಹೈದರಾಬಾದಿಗೆ ಫೋನ್ ಮಾಡಿದ. ರಿಂಗು ಪಾರ್ಸೆಲ್ಲಿನಲ್ಲಿ ಬರಲು ನಾಲ್ಕು ದಿನ ಬೇಕಂತೆ. ಸಂಜೆ ಆರರವರೆಗೆ ಏನಾದರೂ ದಾರಿ ಹುಡುಕುತ್ತೇನೆ, ಆಗದಿದ್ದರೆ ಹುಣಸಗಿಯವರಿಗೆ ಬರಬೇಡಿ ಅಂತ ಹೇಳಿಬಿಡುತ್ತೇನೆ ಅಂತ ಅವನು ತನಗೆ ತಾನೇ ಹೇಳಿಕೊಂಡು ತಲೆ ಹಿಡಿದುಕೊಂಡು ಕೂತ. ಅಂಬರೀನ ಕೆಳಗೆ ಬಿದ್ದಿದ್ದ ಊದಿದ ರಿಂಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮನೆಯ ಕಡೆ ಓಡಿದಳು.

ನಡೆದದ್ದು ಇಷ್ಟು. ಗುರುವಾರ ಸಂಜೆ ಮಾಮೂ ಅವಳಿಗೆ ಗನ್ನುಗಳನ್ನು ಬಟ್ಟೆಯಿಂದ ಒರೆಸಿಡು ಅಂದಿದ್ದ. ಗಾಳಿ ಖಾಲಿ ಮಾಡಿ ಬಿಚ್ಚಿಟ್ಟಿದ್ದ ಸಿಲಿಂಡರುಗಳನ್ನು ಒರೆಸುವಾಗ ಒಂದು ರಿಂಗು ಒಣಗಿದಂತೆ ಕಂಡಿತು. ಅಂಬರೀನ ಹುಟ್ಟಿನಿಂದ ತನ್ನ ಅಮ್ಮನ ತಾಯಿ ನಾನಿ ಪಂಪು ರಿಪೇರಿ ಮಾಡುವುದನ್ನು ನೋಡಿಕೊಂಡು ಬೆಳೆದವಳು. ಒಣಗಿದ ವಾಶರನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿದರೆ ಅದು ಊದಿ, ಮೆತ್ತಗಾಗಿ, ಪಂಪಿನೊಳಗೆ ಬಿಗಿಯಾಗಿ ಕೂರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಶೆಡ್ಡಿನಲ್ಲಿ ಜನರೇಟರಿನ ಡೀಸೆಲ್ ಕ್ಯಾನ್ ಇತ್ತು. ತಲೆಯ ಪಿನ್ನಿನಿಂದ ಐದೂ ರಿಂಗು ಎಬ್ಬಿಸಿ, ಕ್ಯಾನಿನ ಮುಚ್ಚಳದಲ್ಲಿ ಡೀಸೆಲ್ ಹಾಕಿ ನೆನೆಯಿಟ್ಟಳು. ಶುಕ್ರವಾರ ಸಂಜೆ ತಿರುಗಿ ಕೂರಿಸಿದಳು. ಅವು ಊದಿದ್ದು ನೋಡಿ ಎಷ್ಟು ಖುಷಿಪಟ್ಟಿದ್ದಳೆಂದರೆ, ಮಾಮೂ ಶಾಬಾಶ್ ಅನ್ನುವುದನ್ನು ಮನಸ್ಸಿನಲ್ಲೇ ಎರಡು ಸಲ ಕೇಳಿಸಿಕೊಂಡಿದ್ದಳು. ಶೆಡ್ಡು ಯಾವಾಗಲೂ ಡೀಸೆಲ್ ವಾಸನೆ ಹೊಡೆಯುವುದರಿಂದ ಯಾರ ಮೂಗಿಗೂ ಇದು ತಿಳಿದಿರಲಿಲ್ಲ.

ನಾನಿ ಮಸ್ತಾನಬಿ ಅಂಗಳದಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಒಂದು ಕಾಲದಲ್ಲಿ ಅಜ್ಜ ನಾನಾ ಮತ್ತು ನಾನಿ ಶಹಾಪುರದ ಬಜಾರಿನಲ್ಲಿ ಪಂಪ್ ಸ್ಟೋವ್ ರಿಪೇರಿ ಅಂಗಡಿ ಇಟ್ಟಿದ್ದರು. ಮನೆಮನೆಗೆ ಗ್ಯಾಸು ಬಂದ ಮೇಲೆ ಅಂಗಡಿ ಮುಚ್ಚಿತು, ಆದರೆ ನಾನಿಯ ಸಾಮಾನಿನ ಡಬ್ಬಿ ಮುಚ್ಚಲಿಲ್ಲ. ಈಗಲೂ ಓಣಿಯಲ್ಲಿ ಯಾರ ಸೈಕಲ್ ಪಂಪು ಕೆಟ್ಟರೂ ಅವಳ ಹತ್ತಿರವೇ ಬರುತ್ತದೆ.

"ನಾನಿ, ವಾಶರ್ ಎಣ್ಣಿ ಜಾಸ್ತಿ ಕುಡದ್ರ ಅದನ್ನ ಹ್ಯಾಂಗ ತೆಗಿಯೋದು?" ಅಂಬರೀನ ಏದುಸಿರು ಬಿಡುತ್ತಲೇ ಕೇಳಿದಳು.

ನಾನಿ ಕೈ ಚಾಚಿ ರಿಂಗು ತೆಗೆದುಕೊಂಡಳು. ಬೆರಳಲ್ಲಿ ತಿಕ್ಕಿದಳು, ಮೂಸಿದಳು, ಮೂಗು ಮುರಿದಳು.

"ಇದು ಚರ್ಮ ಅಲ್ಲ ಬೇಟಿ, ರಬ್ಬರ್. ಸ್ಟೋವಿನ ವಾಶರ್ ಚರ್ಮದ್ದು. ಅದಕ್ಕ ಎಣ್ಣಿ ಹಾಕಿದ್ರ ಜೀವ ಬರ್ತದ. ರಬ್ಬರಿಗೆ ಡೀಸೆಲ್ ಹಾಕಿದ್ರ ಅದು ಊದಿ ಸಾಯ್ತದ. ಇದನ್ನ ಯಾರ ಹೇಳಿಕೊಟ್ರು ನಿನಗ?"

"ಯಾರೂ ಹೇಳಿಲ್ಲ. ನೀ ಮಾಡೋದು ನೋಡಿದ್ದೆ."

ನಾನಿಗೆ ಕಿಸಕ್ಕನೆ ನಗು ಬಂತು. ಆದರೆ ಮೊಮ್ಮಗಳ ಕಣ್ಣಲ್ಲಿ ನೀರು ಕಂಡು ನಗು ನುಂಗಿದಳು. ಅಂಬರೀನ ಎಲ್ಲವನ್ನೂ ಹೇಳಿದಳು: ಐದು ರಿಂಗು, ಮಾಮೂ ಒದರಿದ್ದು, ಅಂಬಣ್ಣ ಕಾಕಾ ಚಾವಿ ಇಟ್ಟು ಹೋದದ್ದು. ನಾನಿ ಕೇಳಿಸಿಕೊಂಡಳೇ ಹೊರತು ಬುದ್ಧಿ ಹೇಳಲಿಲ್ಲ. ಮೊರ ಬದಿಗಿಟ್ಟು, ಚಪ್ಪಲಿ ಮೆಟ್ಟಿ, ನಡಿ ಅಂದಳು.

ಬಜಾರಿನಲ್ಲಿ ಅಮೀನುದ್ದೀನನ ಅಂಗಡಿಯಲ್ಲಿ ಪಂಪು, ಕಂಪ್ರೆಸರುಗಳ ಸಾಮಾನು ಸಿಗುತ್ತದೆ. ಗಟ್ಟಿ ಒತ್ತಡ ತಡೆಯುವ ರಿಂಗುಗಳನ್ನು ಅವನು ದಾರಕ್ಕೆ ಪೋಣಿಸಿ ಹಾರದ ಹಾಗೆ ತೂಗುಬಿಟ್ಟಿದ್ದ. ಅಂಬರೀನಳ ಕೈಯಲ್ಲಿದ್ದುದನ್ನು ನೋಡಿ ಅಷ್ಟೇ ದಪ್ಪದ್ದನ್ನು ತೆಗೆಯಲು ಹೋದ. ನಾನಿ ಅವನ ಕೈ ತಡೆದಳು.

"ಊದಿದ ಬೆರಳಿಗೆ ಉಂಗುರದ ಅಳತಿ ತೊಗೊತಾರೇನು? ಚಲೋ ಇರೋ ರಿಂಗ್ ನೋಡಿ ಕೊಡಬೇಕು."

ಚಲೋ ಇರುವ ರಿಂಗು ಒಂದೇ ಒಂದು. ಅದು ಆರನೆಯ ಗನ್ನಿನಲ್ಲಿತ್ತು. ಗಾಳಿ ತುಂಬಿದ ಆ ಗನ್ನನ್ನು ಬಿಚ್ಚಬೇಕು ಅಂದರೆ ಮಾಮೂನೇ ಬೇಕು. ಯಾಕೆ ಅಂತ ಅವನು ಕೇಳಿಯೇ ಕೇಳುತ್ತಾನೆ. ಅಂಬರೀನ ನಾನಿಯ ಮುಖ ನೋಡಿದಳು. ನೀನೇ ಹೋಗಿ ತಾ ನಾನಿ ಅಂತ ಆ ನೋಟದಲ್ಲಿತ್ತು.

ನಾನಿ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಂಗಡಿ ಮುಚ್ಚದ ಹಾಗೆ ನಾನು ಇಲ್ಲೇ ಇರುತ್ತೇನೆ, ಮೊಣಕಾಲು ಬೇರೆ ನೋಯುತ್ತದೆ ಅಂದಳು. ಅವಳ ಮೊಣಕಾಲು ಬೇಕಾದಾಗ ಮಾತ್ರ ನೋಯುತ್ತದೆ ಅಂತ ಮನೆಯವರಿಗೆಲ್ಲ ಗೊತ್ತು. ಗೋಡೆಯ ಗಡಿಯಾರದಲ್ಲಿ ಐದು ಗಂಟೆಯಾಗಿತ್ತು.

ಅಂಬರೀನ ಒಬ್ಬಳೇ ಹೊರಟಳು. ಊರು ದಾಟಿ ದೊಡ್ಡ ಬೇವಿನ ಮರದ ಹತ್ತಿರ ದಾರಿ ಎರಡಾಗುತ್ತದೆ. ನೇರ ಹೋದರೆ ಶೆಡ್ಡು. ಎಡಕ್ಕೆ ಹೋದರೆ ಅಂಬಣ್ಣ ಕಾಕಾನ ಮನೆ. ನೇರ ಹೋದರೆ ಮಾಮೂ ಬಯ್ಯುತ್ತಾನೆ. ಮಾಮೂನ ಬೈಗುಳ ಅವಳಿಗೆ ಹೊಸದಲ್ಲ. ಎಡಕ್ಕಿರುವವನು ಒಂದು ದಿನವೂ ಅವಳಿಗೆ ಬಯ್ದವನಲ್ಲ, ಬಂದಾಗಲೆಲ್ಲ ಜೇಬಿನಿಂದ ಶೇಂಗಾ ತೆಗೆದು ಕೊಡುವವನು. ಅವನ ಮುಂದೆ ನಿಲ್ಲುವುದೇ ಹೆಚ್ಚು ಕಷ್ಟ. ಅವಳು ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಡಕ್ಕೆ ತಿರುಗಿದಳು.

ಅಂಬಣ್ಣ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಮುಂದಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕಾಕಾ, ರಿಂಗ್ ಬಿಸಿಲಿಗೆ ಕೆಟ್ಟಿಲ್ಲರಿ," ಎಂದಳು ಅಂಬರೀನ. "ನಾನ ಡೀಸೆಲ್‌ನಾಗ ನೆನಿ ಇಟ್ಟಿದ್ದೆ. ಮಾಮೂ ನಿಮಗ ಅನ್ನೂಮುಂದ ನಾ ಅಲ್ಲೇ ಇದ್ದೆ. ಹೇಳಲಿಲ್ಲ."

ಒಂದು ಕೋಳಿ ಅವರಿಬ್ಬರ ನಡುವೆ ಹಾದು ಆ ಕಡೆ ಹೋಗಿ, ಮತ್ತೆ ಈ ಕಡೆ ಬಂತು. ಬಯ್ದರೂ ಸರಿ, ಏನಾದರೂ ಅನ್ನಲಿ ಅಂತ ಅಂಬರೀನಳಿಗೆ ಅನ್ನಿಸಿತು.

"ಮತ್ತ ಆ ಆರನೇದ್ದು ಯಾಕ ಬಿಟ್ಟಿ?" ಕೊನೆಗೆ ಕೇಳಿದ.

"ನನಗ ಮೊಳಿ ನಿಲುಕಲಿಲ್ಲರಿ."

ಅಂಬಣ್ಣ ನಗಬಾರದು ಅಂತ ಮೀಸೆ ಕಚ್ಚಿ ಹಿಡಿದ. ಆದರೂ ನಗು ಮೂಗಿನಿಂದ ಹೊರಬಂತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದು, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡ.

ಶೆಡ್ಡಿನ ಮುಂದೆ ಮಾಮೂ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಅಂಬರೀನ ಬೈಕಿನಿಂದ ಇಳಿದು ಎರಡನೆಯ ಸಲ ಅದೇ ಮಾತು ಹೇಳಿದಳು. ಮಾಮೂ ಅವಳನ್ನು ನೋಡಿದ, ಬಯ್ಯಲು ಬಾಯಿ ತೆರೆದ. ಆಮೇಲೆ ಅವಳ ಹಿಂದೆ ನಿಂತಿದ್ದ ಅಂಬಣ್ಣನನ್ನು ನೋಡಿದ. ಬೈಗುಳ ಬಾಯಲ್ಲೇ ಉಳಿಯಿತು. ಮಧ್ಯಾಹ್ನ ತಾನು ಏನೇನು ಅಂದಿದ್ದೆ ಎಂಬುದು ಅವನಿಗೆ ಒಂದೊಂದಾಗಿ ನೆನಪಾಗುತ್ತಿರಬೇಕು, ಕಿವಿಗಳು ಕೆಂಪಾಗುತ್ತ ಹೋದವು.

ಅವನು ಆರನೆಯ ಗನ್ನಿನ ಗಾಳಿ ಬಿಟ್ಟು, ಸಿಲಿಂಡರ್ ಬಿಚ್ಚಿ, ರಿಂಗು ಎಬ್ಬಿಸಿ ಅಂಬರೀನಳ ಅಂಗೈ ಮೇಲಿಟ್ಟ. "ಜ್ವಾಕಿ," ಅಂದ, ಅಷ್ಟೇ.

ಅಂಬಣ್ಣನ ಬೈಕು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಆರು ಹೊಡೆಯಿತು. ಬೈಕಿನ ಮೇಲೆ ಈಗ ಮೂವರಿದ್ದರು. ನಾನಿಯ ಮೊಣಕಾಲು ಅಷ್ಟರಲ್ಲಿ ವಾಸಿಯಾಗಿತ್ತು. ಹೊಸ ರಿಂಗುಗಳನ್ನು ಅವಳೇ ಕೂರಿಸಿದಳು. ಮಾಮೂ ಗಾಳಿ ತುಂಬಿದ. ಆಮೇಲೆ ಬೋಗುಣಿಯಲ್ಲಿ ಸಾಬೂನು ನೀರು ಕಲೆಸಿ, ಪ್ರತಿ ಸಿಲಿಂಡರಿನ ಕುತ್ತಿಗೆಗೆ ಬಟ್ಟೆಯಿಂದ ಹಚ್ಚಿ, ನೋಡುವ ಕೆಲಸವನ್ನು ನಾನಿ ಅಂಬರೀನಳಿಗೆ ಕೊಟ್ಟಳು. ಗಾಳಿ ಸೋರಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಅಂಬರೀನ ಉಸಿರು ಬಿಗಿಹಿಡಿದು ಒಂದೊಂದನ್ನೂ ನೋಡಿದಳು. ಒಂದೂ ಗುಳ್ಳೆ ಏಳಲಿಲ್ಲ.

ಆ ಸಂಜೆ ಮಾಮೂ ಮತ್ತು ಅಂಬಣ್ಣ ಸ್ಪ್ಯಾನರ್ ಕೊಡು, ಬಟ್ಟೆ ಕೊಡು ಅಂತ ಮಾತಾಡಿಕೊಂಡರೇ ಹೊರತು ಬೇರೆ ಮಾತಾಡಲಿಲ್ಲ. ಹೊರಡುವಾಗ ಶೆಡ್ಡಿನ ಚಾವಿ ಬಂಡೆಯ ಮೇಲೆಯೇ ಇತ್ತು. ಅಂಬಣ್ಣ ಅದನ್ನು ತೆಗೆದುಕೊಳ್ಳಲಿಲ್ಲ. ಅದನ್ನು ನೋಡಿ ಅಂಬರೀನಳ ಮನಸ್ಸು ಮತ್ತೆ ಭಾರವಾಯಿತು.

ಭಾನುವಾರ ಬೆಳಿಗ್ಗೆ ಅವಳು ಮಾಮೂನ ಜೊತೆ ಬರುವಷ್ಟರಲ್ಲಿ ತಗಡಿನ ಮೇಲಿನ ಗೋಣಿಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಬಣ್ಣ ಖಾಲಿ ಕೊಡದ ಪಕ್ಕ ನಿಂತಿದ್ದ. ಮಾಮೂ ಅದನ್ನು ನೋಡಿದ. ಶೆಡ್ಡಿನೊಳಗೆ ಹೋಗಿ, ದಪ್ಪ ಜಾಕೆಟ್ ತೊಟ್ಟು, ಮುಖಕ್ಕೆ ಮಾಸ್ಕ್ ಏರಿಸಿಕೊಂಡು ಬಂದ. ಅಂಬಣ್ಣನಿಗೂ ಅಂಬರೀನಳಿಗೂ ಒಂದೊಂದು ಮಾಸ್ಕ್ ಕೊಟ್ಟ. ನೆಟ್ಟಗೆ ಮೂವತ್ತು ಹೆಜ್ಜೆ ನಡೆದು, ಡ್ರಮ್ಮಿನ ಪಕ್ಕ ನಿಂತು, ಬೆನ್ನು ತಿರುಗಿಸಿದ.

"ಹೊಡಿ," ಅಂತ ಕೂಗಿದ.

"ಹುಚ್ಚ ಹಿಡದದೇನು ನಿನಗ?" ಅಂದ ಅಂಬಣ್ಣ.

"ನಾಕ ಕೊಡ ಹೊಡದೀನಿ ಅಂದಿದ್ದಿ ನೀನು. ನಾ ನಂಬಲಿಲ್ಲ. ನಾಕ ಹೊಡಿ. ಗನ್ ಟೆಸ್ಟೂ ಆಗ್ತದ."

ಅಂಬಣ್ಣ ಕೊಡವನ್ನು ಬದಿಗೆ ಸರಿಸಿದ. ಆಮೇಲೆ ಮಾಸ್ಕ್ ಏರಿಸಿ ಮೊದಲ ಗನ್ನು ಎತ್ತಿದ. ಠಪ್. ಮಾಮೂನ ಬೆನ್ನ ನಡುವೆ ಕಿತ್ತಳೆ ಬಣ್ಣ ಒಡೆಯಿತು. ಎರಡನೆಯ ಗನ್ನಿಗೆ ಮಾಮೂ ಸಣ್ಣಗೆ ಹಾರಿದ. ಮೂರನೆಯದಕ್ಕೆ ಯಾ ಅಲ್ಲಾ ಅಂದ. ನಾಲ್ಕನೆಯದು ಎಲ್ಲಿ ಬಿತ್ತು ಅಂತ ಹೇಳುವುದು ಬೇಡ, ಆದರೆ ಅಂಬಣ್ಣ ನಗುತ್ತ ನೆಲಕ್ಕೆ ಕೂತುಬಿಟ್ಟ. ಮಾಮೂ ಬೆನ್ನು ಉಜ್ಜಿಕೊಳ್ಳುತ್ತ ಬಂದು, ಬಂಡೆಯ ಮೇಲಿದ್ದ ಚಾವಿ ತೆಗೆದು ದೋಸ್ತನ ಜೇಬಿಗೆ ಇಳಿಬಿಟ್ಟ.

ಇನ್ನು ಐದನೆಯ ಗನ್ನು ಉಳಿದಿತ್ತು. ಅಂಬರೀನ ಅದನ್ನೇ ನೋಡುತ್ತಿದ್ದಳು. ಯಾರೂ ಹೇಳದಿದ್ದರೂ ತನಗೆ ದೊಡ್ಡದಾದ ಮಾಸ್ಕನ್ನು ಬಿಗಿ ಮಾಡಿಕೊಂಡು ಡ್ರಮ್ಮಿನ ಕಡೆ ನಡೆದಳು. ಮೂವತ್ತು ಹೆಜ್ಜೆ ಮಾಮೂನ ಲೆಕ್ಕ, ಅವಳಿಗೆ ನಲವತ್ತಾಯಿತು. ಆದರೆ ಅವಳು ಬೆನ್ನು ತಿರುಗಿಸಲಿಲ್ಲ. ನಿನ್ನೆ ಪ್ರತಿ ಪುಸ್ ಸದ್ದಿಗೂ ನೆಲ ನೋಡುತ್ತಿದ್ದವಳು ಇವತ್ತು ಅಂಬಣ್ಣ ಕಾಕಾನನ್ನೇ ನೋಡುತ್ತ ನಿಂತಳು.

ಅಂಬಣ್ಣ ಗನ್ನು ಎತ್ತಲಿಲ್ಲ. ಡಬ್ಬಿಯಿಂದ ಒಂದು ಗುಂಡು ತೆಗೆದುಕೊಂಡು, ಅಷ್ಟು ದೂರ ನಡೆದು ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಮಾಸ್ಕ್ ತೆಗಿ," ಅಂದ. ಅವಳು ತೆಗೆದಳು. ಗುಂಡನ್ನು ತನ್ನ ಅಂಗೈಯಲ್ಲಿ ಹಿಚುಕಿ, ಹೆಬ್ಬೆರಳಿಗೆ ಬಣ್ಣ ತೆಗೆದುಕೊಂಡು ಅವಳ ಮೂಗಿನ ತುದಿಗೆ ಒತ್ತಿದ.

"ನಿನಗ ಗಾಳಿ ಬ್ಯಾಡ," ಅಂದ. "ಇಷ್ಟ ಸಾಕು."

ಬಣ್ಣ ತಣ್ಣಗಿತ್ತು. ಅಂಬಣ್ಣ ಅವಳನ್ನು ಕರೆದುಕೊಂಡು ವಾಪಸು ಹೋಗಿ ಐದನೆಯ ಗನ್ನಿನಿಂದ ಡ್ರಮ್ಮಿಗೆ ಹೊಡೆದು ನೋಡುವುದಕ್ಕೂ ರಸ್ತೆಯಲ್ಲಿ ಹಾರ್ನು ಕೇಳುವುದಕ್ಕೂ ಸರಿಹೋಯಿತು. ಧೂಳೆಬ್ಬಿಸಿಕೊಂಡು ಕ್ರೂಸರ್ ಬಂದು ನಿಂತಿತು. ಹನ್ನೆರಡು ಮಂದಿ ಇಳಿದರು, ಬಂಡೆಗಳನ್ನು ನೋಡಿ ಸಿಳ್ಳೆ ಹೊಡೆದರು. ಅವರ ಕ್ಯಾಪ್ಟನ್ನು ಎದುರಿಗೆ ಸಿಕ್ಕ ಅಂಬರೀನಳ ಮೂಗು ನೋಡಿ ನಿಂತ.

"ಆಟನ ಶುರು ಆಗಿಲ್ಲ. ಆಗ್ಲೇ ನಿನಗ ಯಾರ ಹೊಡದ್ರು?"

"ಹೊಡದಿಲ್ಲರಿ," ಎಂದಳು ಅಂಬರೀನ. "ಹಚ್ಯಾರ."

ಅವಳು ಅದನ್ನು ಒರೆಸಿಕೊಳ್ಳದೆ, ಸಾಬೂನು ನೀರಿನ ಬೋಗುಣಿ ಎತ್ತಿಕೊಂಡು ಶೆಡ್ಡಿನ ಕಡೆ ನಡೆದಳು.